ಮುಟ್ಟಿದರೆ ಉತ್ತರ ಕೊಡುವ ಮೌಸ್

(ವಿಜ್ಞಾನದಲ್ಲಿ ಆಸಕ್ತಿ ಇರುವವರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟ ಹಾಗೇ ಇರಲಿ ಎಂದು ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಮ್ಯಾಕ್‌ಬುಕ್, ಅಂದರೆ ಆಪಲ್ ಕಂಪನಿಯ ಲ್ಯಾಪ್‌ಟಾಪ್, ತಂದಿರುವವರು ಯಾರಾದರೂ ಇದ್ದೀರಾ? ಇದ್ದರೆ ಒಂದು ಕೆಲಸ ಮಾಡಿ. ಅದನ್ನು ಪೂರ್ತಿ ಶಟ್‌ಡೌನ್ ಮಾಡಿ, ಆಮೇಲೆ ಟ್ರ್ಯಾಕ್‌ಪ್ಯಾಡನ್ನು, ಅಂದರೆ ಕೀಬೋರ್ಡಿನ ಕೆಳಗೆ ಬೆರಳಾಡಿಸುವ ಆ ಗಾಜಿನ ಹಲಗೆಯನ್ನು, ಒಮ್ಮೆ ಒತ್ತಿ ನೋಡಿ. ಒಂದೇ ಸಲ ಒತ್ತಬೇಕು. ಹೊಸ ಮಾದರಿಯಾದರೆ ಒತ್ತಿದ ಕೂಡಲೇ ಆನ್ ಆಗಿಬಿಡಬಹುದು, ಆಗ ಪ್ರಯೋಗ ಕೆಟ್ಟಿತು. ಏನನ್ನಿಸಿತು? ಏನೂ ಇಲ್ಲ ಅಲ್ವಾ? ಕೆಲಸ ಮಾಡುವಾಗ ಟಕ್ ಎಂದು ಒಳಗೆ ಹೋಗುತ್ತಿದ್ದ ಆ ಗಾಜು ಈಗ ಅಲ್ಲಾಡುವುದೇ ಇಲ್ಲ.

ನಿಜ ಹೇಳಬೇಕೆಂದರೆ ಅದು ಯಾವತ್ತೂ ಒಳಗೆ ಹೋಗುತ್ತಿರಲಿಲ್ಲ. ಆಪಲ್ ಈ ಬಗೆಯ ಟ್ರ್ಯಾಕ್‌ಪ್ಯಾಡನ್ನು 2015ರಲ್ಲಿ ತಂದಿತು. ಗಾಜಿನ ನಾಲ್ಕು ಮೂಲೆಗಳ ಕೆಳಗೆ ಒತ್ತಡ ಅಳೆಯುವ ಸೆನ್ಸರ್‌ಗಳಿವೆ. ಬೆರಳು ಸಾಕಷ್ಟು ಒತ್ತಿದೆ ಎಂದು ಅವು ಹೇಳಿದ ಕೂಡಲೇ ಒಳಗಿನ ವಿದ್ಯುತ್ ಅಯಸ್ಕಾಂತ ಗಾಜನ್ನು ಒಂದಿಷ್ಟೇ ಇಷ್ಟು ಜರುಗಿಸಿ ಬಿಡುತ್ತದೆ. ತಮಾಷೆ ಏನೆಂದರೆ ಜರುಗಿಸುವುದು ಕೆಳಕ್ಕಲ್ಲ, ಪಕ್ಕಕ್ಕೆ. ಆದರೆ ಬೆರಳು ಕೆಳಗೆ ಒತ್ತುತ್ತಿರುವ ಹೊತ್ತಿನಲ್ಲೇ ಆ ಅಲುಗಾಟ ಬರುವುದರಿಂದ, ಮಿದುಳು ಅದನ್ನು 'ಬಟನ್ ಕೆಳಗೆ ಹೋಯಿತು' ಎಂದೇ ಓದಿಕೊಳ್ಳುತ್ತದೆ. ಮುಂದಿನ ವರ್ಷ ಬಂದ ಐಫೋನ್ 7ರ ಹೋಮ್ ಬಟನ್ ಕೂಡ ಹೀಗೆಯೇ. ಅದು ಬಟನ್ನೇ ಅಲ್ಲ, ಸುಮ್ನೆ ಒಂದು ಗುಂಡಗಿನ ತಗ್ಗು.

ಇವತ್ತಿನ ವಿಷಯ ಮೌಸ್. ಹಾಗಿದ್ದರೂ ಟ್ರ್ಯಾಕ್‌ಪ್ಯಾಡಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಮುಟ್ಟಿದಾಗ ಉತ್ತರ ಕೊಡುವ ಮೌಸ್ ಮಾಡಬೇಕು ಎಂದು ಜನ ಮೂವತ್ತು ವರ್ಷಗಳಿಂದ ಒದ್ದಾಡುತ್ತಿದ್ದಾರೆ. ಒಮ್ಮೆ ಅದು ಅಂಗಡಿಗೆ ಬಂದು ಸೋತು ಹೋಯಿತು. ಈಗ ಮತ್ತೆ ಬಂದಿದೆ. ಆಗ ಯಾಕೆ ಸೋತಿತು, ಈಗ ಯಾಕೆ ನಿಲ್ಲಬಹುದು ಅನ್ನುವುದಕ್ಕೆ ಸುಳಿವು ಆ ಗಾಜಿನಲ್ಲೇ ಇದೆ ಎಂದು ನನ್ನ ಲೆಕ್ಕ.

ಮೊದಲು ಮಾಮೂಲಿ ಮೌಸ್ ತೆಗೆದುಕೊಳ್ಳೋಣ. 1964ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಅದರ ಯೋಚನೆ ಕೊಟ್ಟರು, ಬಿಲ್ ಇಂಗ್ಲಿಷ್ ಮಾಡಿ ತೋರಿಸಿದರು. ಮರದ ಡಬ್ಬಿ, ಕೆಳಗೆ ಎರಡು ಚಕ್ರ, ಮೇಲೆ ಒಂದು ಬಟನ್. ಜಗತ್ತು ಅದನ್ನು ನೋಡಿದ್ದು 1968ರ ಡಿಸೆಂಬರ್ 9ರಂದು, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ. ಅಂದಿನಿಂದ ಇಂದಿನವರೆಗೆ ಚಕ್ರ ಹೋಗಿ ಚೆಂಡು ಬಂತು, ಚೆಂಡು ಹೋಗಿ ಬೆಳಕು ಬಂತು, ವೈರ್ ಹೋಯಿತು. ಒಂದು ಸಂಗತಿ ಮಾತ್ರ ಬದಲಾಗಲಿಲ್ಲ. ಕೈಯಿಂದ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ, ಕಂಪ್ಯೂಟರಿನಿಂದ ಕೈಗೆ ಏನೂ ಬರುವುದಿಲ್ಲ. ಉತ್ತರ ಬೇಕಾದರೆ ಕಣ್ಣು ಪರದೆ ನೋಡಬೇಕು.

'ಕ್ಲಿಕ್ ಅನ್ನುತ್ತದಲ್ಲ ಸಾರ್' ಎನ್ನಬಹುದು. ಅನ್ನುತ್ತದೆ. ಆದರೆ ಅದು ಬಟನ್ ಕೆಳಗಿನ ಪುಟ್ಟ ಸ್ವಿಚ್ಚಿನೊಳಗೆ ಒಂದು ತಗಡಿನ ಸ್ಪ್ರಿಂಗ್ ಆ ಕಡೆಯಿಂದ ಈ ಕಡೆಗೆ ಮಗುಚುವ ಸದ್ದು. ಕಂಪ್ಯೂಟರ್ ಹ್ಯಾಂಗ್ ಆಗಿದ್ದರೂ ಕ್ಲಿಕ್ ಅನ್ನುತ್ತದೆ. ಮೌಸಿನ ವೈರ್ ಕಿತ್ತು ಹಾಕಿದ್ದರೂ ಅನ್ನುತ್ತದೆ. ಅಂದರೆ ಅದು ಕಂಪ್ಯೂಟರ್ ಕೊಟ್ಟ ಉತ್ತರ ಅಲ್ಲ. ಆದರೂ ನಮಗೆ ಅದಿಲ್ಲದೆ ಆಗುವುದಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಕೈ. ಒಂದು ಅಂಗೈ ಮತ್ತು ಅದರ ಬೆರಳುಗಳ ಚರ್ಮದಲ್ಲಿ ಮುಟ್ಟಿದ್ದನ್ನು ತಿಳಿಸುವ ನರಗಳು ಸುಮಾರು 17,000 ಇವೆ. ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ಒತ್ತಡ ಇರುವಷ್ಟು ಹೊತ್ತೂ ಹೇಳುತ್ತಲೇ ಇರುತ್ತವೆ. ಅಂಚು, ಮೂಲೆ, ಬ್ರೈಲ್ ಚುಕ್ಕೆ ತಿಳಿಯುವುದು ಇವುಗಳಿಂದ. ಇನ್ನು ಕೆಲವು ನರಗಳು, ವಸ್ತು ಕೈಯಿಂದ ಜಾರುವಾಗಿನ ಸಣ್ಣ ನಡುಕಕ್ಕೆ ಎಚ್ಚರಗೊಳ್ಳುತ್ತವೆ. ಲೋಟ ಜಾರುತ್ತಿದೆ ಎಂದು ನಿಮಗೆ ಗೊತ್ತಾಗುವ ಮೊದಲೇ ಬೆರಳು ಬಿಗಿಯಾಗುವುದು ಇವುಗಳ ದೆಸೆಯಿಂದ. ಚರ್ಮದ ಆಳದಲ್ಲಿ ಇನ್ನೊಂದು ಬಗೆ ಇದೆ, ಪಚೀನಿಯನ್ ಎಂಬ ಈರುಳ್ಳಿ ಪದರದಂಥ ಗಂಟುಗಳು. ಇವು ಬರೀ ಕಂಪನಕ್ಕೆ. ಸೆಕೆಂಡಿಗೆ 200ರಿಂದ 300 ಸಲ ನಡುಗುವ ಕಂಪನ ಬಂದರೆ, ಆ ನಡುಕ ಒಂದು ಮೈಕ್ರೋಮೀಟರಿಗಿಂತ ಚಿಕ್ಕದಾಗಿದ್ದರೂ ಹಿಡಿದುಬಿಡುತ್ತವೆ. ನಮ್ಮ ತಲೆಗೂದಲಿನ ದಪ್ಪ ಹತ್ತಿರ ಹತ್ತಿರ 70 ಮೈಕ್ರೋಮೀಟರ್. ಲೆಕ್ಕ ಹಾಕಿಕೊಳ್ಳಿ. ನಿಮ್ಮ ಜೇಬಿನಲ್ಲಿರುವ ಫೋನಿನ ಕಂಪನವನ್ನು ಈ ಆಸುಪಾಸಿಗೆ ಹೊಂದಿಸಿರುವುದು ಇದಕ್ಕೇ. ಕಡಿಮೆ ಬ್ಯಾಟರಿಯಲ್ಲಿ ಜಾಸ್ತಿ ಕೆಲಸ ಆಗುತ್ತದೆ. ಅಂದ ಹಾಗೆ, ಒತ್ತಡವನ್ನು ನರದ ಸುದ್ದಿಯಾಗಿ ಮಾಡುವ ಪ್ರೊಟೀನನ್ನು ಪತ್ತೆ ಮಾಡಿದ್ದಕ್ಕೆ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಡೇವಿಡ್ ಜೂಲಿಯಸ್ ಜತೆ ಹಂಚಿಕೊಂಡರು. ಅಷ್ಟು ಈಚಿನ ತಿಳಿವು ಇದು.

ಇಂಥ ಕೈಗೆ ಕಂಪ್ಯೂಟರಿನಿಂದ ಸುದ್ದಿ ಕಳಿಸುವ ದಾರಿ ಎರಡು. ಒಂದು, ಕೈಯನ್ನೇ ತಳ್ಳುವುದು, ಎಳೆಯುವುದು, ತಡೆಯುವುದು. ಇದಕ್ಕೆ ಮೋಟರು, ತೋಳು, ಗಟ್ಟಿ ಆಧಾರ ಬೇಕು. ಎರಡು, ಚರ್ಮಕ್ಕೆ ಮಾತ್ರ ನಡುಕ ಕೊಡುವುದು. ಇದು ಅಗ್ಗ, ಚಿಕ್ಕದು.

ಮೊದಲ ದಾರಿಯ ಕಥೆ ದೊಡ್ಡದು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಬ್ರೂಕ್ಸ್ 1967ರಲ್ಲಿ ಗ್ರೋಪ್ ಎಂಬ ಯೋಜನೆ ಶುರು ಮಾಡಿದರು. ವಿಕಿರಣ ಇರುವ ವಸ್ತುಗಳನ್ನು ದೂರದಿಂದ ಎತ್ತಿ ಇಡಲು ಮಾಡಿದ್ದ ಯಂತ್ರದ ತೋಳೊಂದನ್ನು ಅವರು ಕಂಪ್ಯೂಟರಿಗೆ ಜೋಡಿಸಿದರು. ಔಷಧದ ಅಣು ಪ್ರೊಟೀನಿನ ಯಾವ ಸಂದಿಯಲ್ಲಿ ಕೂರುತ್ತದೆ ಎಂದು ವಿಜ್ಞಾನಿ ಕೈಯಿಂದಲೇ ತಳ್ಳಿ ನೋಡಬೇಕು, ಸರಿ ಹೊಂದದಿದ್ದರೆ ತೋಳು ಹಿಂದಕ್ಕೆ ತಳ್ಳಬೇಕು. ಅದು ಸರಿಯಾಗಿ ಕೆಲಸ ಮಾಡುವಷ್ಟು ವೇಗದ ಕಂಪ್ಯೂಟರ್ ಬರಲು ಇಪ್ಪತ್ತು ವರ್ಷ ಕಾಯಬೇಕಾಯಿತು. 1990ರಲ್ಲಿ ಅವರು ಬರೆದದ್ದು: ಬರೀ ಚಿತ್ರ ನೋಡಿ ಕೆಲಸ ಮಾಡುವುದಕ್ಕಿಂತ ಕೈಗೂ ತಿಳಿದರೆ ಕೆಲಸ ಸುಮಾರು ಎರಡು ಪಟ್ಟು ಸುಧಾರಿಸುತ್ತದೆ. ಇಷ್ಟು ವರ್ಷದ ದುಡಿಮೆಗೆ ಎರಡೇ ಪಟ್ಟಾ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ದೊಡ್ಡದೇ ಅನ್ನಿಸುತ್ತದೆ.

ಆಮೇಲೆ 1993ರ ಹೊತ್ತಿಗೆ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಥಾಮಸ್ ಮ್ಯಾಸಿ ಎಂಬ ವಿದ್ಯಾರ್ಥಿ ತಮ್ಮ ಗುರು ಕೆನೆತ್ ಸ್ಯಾಲಿಸ್‌ಬರಿ ಜತೆ ಫ್ಯಾಂಟಮ್ ಎಂಬ ಮೇಜಿನ ಮೇಲಿಡುವ ಪುಟ್ಟ ತೋಳು ಮಾಡಿದರು. ಪೆನ್ನಿನಂಥದ್ದನ್ನು ಹಿಡಿದು ಗಾಳಿಯಲ್ಲಿ ಆಡಿಸಿದರೆ ಇಲ್ಲದ ಚೆಂಡು ತಾಕುತ್ತದೆ. ಈ ಮ್ಯಾಸಿ 2012ರಲ್ಲಿ ಕೆಂಟಕಿಯಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋದರು. ಅದು ಬೇರೆ ಕಥೆ, ಬಿಡಿ.

ನಮಗೆ ಹತ್ತಿರದ ಹೆಸರು ಇಲ್ಲೇ ಬರುತ್ತದೆ. ಎಂಐಟಿಯಲ್ಲಿ ಟಚ್ ಲ್ಯಾಬ್, ಅಂದರೆ ಸ್ಪರ್ಶದ ಪ್ರಯೋಗಶಾಲೆ, ಕಟ್ಟಿದವರು ಮಂಡಯಂ ಶ್ರೀನಿವಾಸನ್. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮುಂದಿನ ಓದು ಮುಗಿಸಿ ಹೋದವರು. 2002ರ ಅಕ್ಟೋಬರಿನಲ್ಲಿ ಅವರ ತಂಡವೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡವೂ ಸೇರಿ ಒಂದು ಪ್ರಯೋಗ ತೋರಿಸಿದರು. ಅಟ್ಲಾಂಟಿಕ್ ಸಾಗರದ ಆ ದಡದಲ್ಲಿ ಒಬ್ಬರು, ಈ ದಡದಲ್ಲಿ ಒಬ್ಬರು. ಇಬ್ಬರ ಕೈಯಲ್ಲೂ ಫ್ಯಾಂಟಮ್. ಪರದೆಯ ಮೇಲಿರುವ ಒಂದು ಪೆಟ್ಟಿಗೆಯನ್ನು ಇಬ್ಬರೂ ಎರಡು ಕಡೆಯಿಂದ ಒತ್ತಿ ಎತ್ತಬೇಕು. ಒಬ್ಬರು ಒತ್ತಿದ್ದು ಇನ್ನೊಬ್ಬರ ಬೆರಳಿಗೆ ತಿಳಿಯುತ್ತದೆ.

ಇದರಲ್ಲಿ ಕಷ್ಟ ಎಲ್ಲಿದೆ ನೋಡಿ. ಸಿನಿಮಾ ಸೆಕೆಂಡಿಗೆ 24 ಚಿತ್ರ ತೋರಿಸಿದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಕೈ ಒಪ್ಪುವುದಿಲ್ಲ. ಗಟ್ಟಿ ಗೋಡೆ ಗಟ್ಟಿಯಾಗಿಯೇ ತಾಕಬೇಕೆಂದರೆ ಬಲದ ಲೆಕ್ಕವನ್ನು ಸೆಕೆಂಡಿಗೆ ಸಾವಿರ ಸಲ ಮಾಡಬೇಕು ಅನ್ನುವುದು ಈ ಕ್ಷೇತ್ರದ ರೂಢಿ. ಇಲ್ಲದಿದ್ದರೆ ಗೋಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಇಲ್ಲವೇ ಗಡಗಡ ನಡುಗುತ್ತದೆ. ಎಂಐಟಿ ಪಕ್ಕದ ಬಾಸ್ಟನ್ನಿನಿಂದ ಲಂಡನ್ನಿಗೆ ಐದು ಸಾವಿರ ಕಿಲೋಮೀಟರಿಗೂ ಜಾಸ್ತಿ. ಫೈಬರ್ ಕೇಬಲ್ಲಿನಲ್ಲಿ ಬೆಳಕು ಹೋದರೂ ಒಂದು ಕಡೆಗೇ ಸುಮಾರು 26 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕೈ 26 ಸಲ ಉತ್ತರ ಕೇಳಿರುತ್ತದೆ.

ಸರಿ, ಈಗ ಮೌಸಿಗೆ ಬರೋಣ.

ಮೌಸಿಗೆ ಸ್ಪರ್ಶ ಕೊಡುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಜಪಾನಿನ ಮೊತೊಯುಕಿ ಅಕಮತ್ಸು ಅವರದು. 1990ರ ದಶಕದ ಮೊದಲ ವರ್ಷಗಳು. ಅವರು ಒಂದು ಮಾಮೂಲಿ ಮೌಸ್ ತೆಗೆದುಕೊಂಡು, ಎಡ ಬಟನ್ನಿನಲ್ಲಿ ತೂತು ಮಾಡಿ, ಒಂದು ಚಿಕ್ಕ ಅಲ್ಯೂಮಿನಿಯಂ ಕಡ್ಡಿ ಕೂರಿಸಿದರು. ಕೆಳಗೆ ಸೋಲಿನಾಯ್ಡ್, ಅಂದರೆ ಕರೆಂಟ್ ಹರಿಸಿದರೆ ಕಡ್ಡಿಯನ್ನು ನೂಕುವ ತಂತಿಯ ಸುರುಳಿ. ಕರ್ಸರ್, ಅಂದರೆ ಪರದೆಯ ಮೇಲೆ ಓಡಾಡುವ ಬಾಣ, ಒತ್ತಬೇಕಾದ ಗುರಿಯ ಮೇಲೆ ಬಂದಾಗ ಕಡ್ಡಿ ಮೇಲೆದ್ದು ಬೆರಳಿನ ತುದಿಯನ್ನು ಮುಟ್ಟುತ್ತದೆ. ಇನ್ನೊಂದು ಉಪಾಯವೂ ಮಾಡಿದರು. ಮೌಸಿನೊಳಗೆ ವಿದ್ಯುತ್ ಅಯಸ್ಕಾಂತ, ಕೆಳಗೆ ಕಬ್ಬಿಣದ ಮೌಸ್ ಪ್ಯಾಡ್. ಕರೆಂಟ್ ಹರಿಸಿದರೆ ಮೌಸ್ ಪ್ಯಾಡಿಗೆ ಕಚ್ಚಿಕೊಳ್ಳುತ್ತದೆ, ಎಳೆಯುವುದು ಭಾರವಾಗುತ್ತದೆ. ಗುರಿ ಬಂದಾಗ ಮೌಸ್ ತಾನೇ ನಿಂತಂತೆ. ತೋಳಿಲ್ಲ, ಮೋಟರಿಲ್ಲ, ತಡೆ ಮಾತ್ರ ಇದೆ. ಎಷ್ಟು ಅಚ್ಚುಕಟ್ಟು!

ಆಮೇಲೆ ಅವರು ಕೆನಡಾದ ಸ್ಕಾಟ್ ಮೆಕೆಂಜಿ ಮತ್ತು ಇನ್ನೊಬ್ಬರ ಜತೆ ಸೇರಿ ಅದನ್ನು ಪರೀಕ್ಷೆಗೆ ಒಡ್ಡಿದರು. 1995ರಲ್ಲಿ ಅದರ ವರದಿ ಬಂತು. ಪ್ರಶ್ನೆ ಸರಳ. ಗುರಿ ಮುಟ್ಟಿದೆ ಎಂದು ಬಣ್ಣ ಬದಲಿಸಿ ಹೇಳುವುದು, ಸದ್ದು ಮಾಡಿ ಹೇಳುವುದು, ಬೆರಳಿಗೆ ಹೇಳುವುದು, ಏನೂ ಹೇಳದಿರುವುದು, ಇವುಗಳಲ್ಲಿ ಯಾವುದು ಒಳ್ಳೆಯದು?

ಬಂದ ಉತ್ತರವನ್ನು ಸ್ವಲ್ಪ ನಿಧಾನವಾಗಿ ಕೇಳಿ. ಒಟ್ಟು ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ತಪ್ಪುಗಳ ಎಣಿಕೆಯಲ್ಲೂ ಇಲ್ಲ. ಜಾಹೀರಾತು ಬರೆಯುವವನಿಗೆ ಇದು ಕೆಟ್ಟ ಸುದ್ದಿ. ಆದರೆ ಕರ್ಸರ್ ಗುರಿಯೊಳಗೆ ಬಂದ ಕ್ಷಣದಿಂದ ಬೆರಳು ಒತ್ತುವ ಕ್ಷಣದವರೆಗಿನ ಆ ಕೊನೆಯ ತುಣುಕನ್ನು ಬೇರೆಯಾಗಿ ಅಳೆದರೆ, ಬೆರಳಿಗೆ ಹೇಳಿದಾಗ ಅದು ಎಲ್ಲಕ್ಕಿಂತ ಕಡಿಮೆ. ಯಾಕೆ ಹೀಗೆ? ಮೌಸನ್ನು ಗುರಿಯ ಕಡೆಗೆ ಒಯ್ಯುವ ಪ್ರಯಾಣದಲ್ಲಿ ಕಣ್ಣೇ ಯಜಮಾನ. ಅಲ್ಲಿ ಬೆರಳಿಗೆ ಹೇಳಿ ಉಪಯೋಗ ಇಲ್ಲ. 'ಬಂತಾ? ಒತ್ತಲಾ?' ಎಂದು ಕೈ ಕೇಳುವ ಹೊತ್ತು ಒಂದಿದೆಯಲ್ಲ, ಅಲ್ಲಿ ಮಾತ್ರ ಸ್ಪರ್ಶ ಗೆಲ್ಲುತ್ತದೆ.

ನನ್ನ ಇವತ್ತಿನ ಮಾತಿನ ತಿರುಳು ಇದೇ. ಕೈ ಏನಾದರೂ ಮಾಡಿ ಉತ್ತರಕ್ಕೆ ಕಾದಿರುವಾಗ ಸ್ಪರ್ಶ ಕೊಟ್ಟರೆ ಅದು ಬೆಲೆಬಾಳುತ್ತದೆ. ಕೈ ಕೇಳದೆ ಇರುವಾಗ ಕೊಟ್ಟರೆ ಕಿರಿಕಿರಿ. ಅಕಮತ್ಸು ಅವರ ಅಂಕಿಗಳಲ್ಲಿ ಇದು 1995ರಲ್ಲೇ ಇತ್ತು. ಮಾರುಕಟ್ಟೆಗೆ ಮೌಸ್ ತಂದವರು ಅದನ್ನು ಓದಲಿಲ್ಲವೋ, ಓದಿಯೂ ಬಿಟ್ಟರೋ.

ಮಾರುಕಟ್ಟೆಯ ಕಥೆಯಲ್ಲಿ ಎರಡು ಹೆಸರು ಮುಖ್ಯ. ಒಂದು ಇಮ್ಮರ್ಶನ್, 1993ರಲ್ಲಿ ಲೂಯಿ ರೋಸನ್‌ಬರ್ಗ್ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಕಂಪನಿ. ಸ್ಪರ್ಶದ ತಂತ್ರಗಳಿಗೆ ಪೇಟೆಂಟ್ ಕೂಡಿಸಿಟ್ಟುಕೊಂಡವರು. ಇನ್ನೊಂದು ಸ್ವಿಟ್ಜರ್‌ಲೆಂಡಿನ ಲಾಜಿಟೆಕ್. ಇಬ್ಬರೂ ಸೇರಿ 1999ರಲ್ಲಿ ವಿಂಗ್‌ಮ್ಯಾನ್ ಫೋರ್ಸ್ ಫೀಡ್‌ಬ್ಯಾಕ್ ಮೌಸ್ ತಂದರು. ಇದು ಮೊದಲ ದಾರಿಯದು, ಕೈಯನ್ನೇ ತಳ್ಳುವಂಥದ್ದು. ಮೌಸ್ ಒಂದು ದಪ್ಪ ಪೀಠಕ್ಕೆ ಕಚ್ಚಿಕೊಂಡಿರುತ್ತದೆ, ಪೀಠದೊಳಗಿನ ಮೋಟರುಗಳು ಅದನ್ನು ಎಳೆದಾಡುತ್ತವೆ. ಆಟದಲ್ಲಿ ಬಂದೂಕು ಹಾರಿಸಿದರೆ ಕೈ ಹಿಂದಕ್ಕೆ ಬರುತ್ತದೆ. ಭಲೇ ಎನ್ನಿಸುವಂಥದ್ದೇ. ಆದರೆ ಮೌಸಿನ ದೊಡ್ಡ ಸುಖ ಏನು? ಎತ್ತಿ ಇನ್ನೊಂದು ಕಡೆ ಇಟ್ಟು ಮತ್ತೆ ಎಳೆಯಬಹುದು. ಪೀಠಕ್ಕೆ ಕಟ್ಟಿದ ಮೇಲೆ ಆ ಸುಖ ಹೋಯಿತು. ಆಡುವವರಿಗೇ ಅದು ಸಾಲಲಿಲ್ಲ.

2000ದಲ್ಲಿ ಅದೇ ಇಬ್ಬರಿಂದ ಐಫೀಲ್ ಎಂಬ ಮೌಸ್ ಬಂತು. ಇದರಲ್ಲಿ ಪೀಠ ಇಲ್ಲ, ಒಳಗೆ ಕಂಪಿಸುವ ಮೋಟರ್ ಮಾತ್ರ. ಬೆಳಕಿನ ಸೆನ್ಸರ್ ಇದ್ದ ಒಳ್ಳೆಯ ಮೌಸ್ ಅದು, ಬೆಲೆಯೂ ಕೈಗೆಟುಕುವಂತಿತ್ತು. ಅದರ ಸಾಫ್ಟ್‌ವೇರ್ ಹಾಕಿದರೆ ಐಕಾನ್ ಮೇಲೆ ಹೋದಾಗ ಗುರ್, ಮೆನುವಿನ ಪ್ರತಿ ಸಾಲು ದಾಟಿದಾಗ ಗುರ್, ವೆಬ್ ಪುಟದ ಲಿಂಕ್ ಮೇಲೆ ಹಾದರೂ ಗುರ್. ಪರದೆಯನ್ನು ತಡವಿ ನೋಡಬಹುದು ಅನ್ನುವುದು ಅದರ ಹೆಮ್ಮೆ. ಮೊದಲ ಅರ್ಧ ಗಂಟೆ ಎಲ್ಲರಿಗೂ ಖುಷಿ.

ಆಮೇಲೆ? ನೀವು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಕಂಡಕ್ಟರ್ ತುಂಬಾ ಒಳ್ಳೆಯವರು. ತುಮಕೂರು ಬಂತು ಎಂದು ಭುಜ ತಟ್ಟಿ ಎಬ್ಬಿಸುತ್ತಾರೆ. ತಿಪಟೂರು ಬಂತು, ಅರಸೀಕೆರೆ ಬಂತು, ಕಡೂರು ಬಂತು. ಅವರು ಹೇಳುವುದೆಲ್ಲ ನಿಜ, ಆದರೆ ನೀವು ಇಳಿಯುವ ಊರು ಅದಲ್ಲ. ಐಫೀಲ್ ಮಾಡಿದ್ದು ಇದನ್ನೇ. ಕರ್ಸರನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಯ್ಯುವಾಗ ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ನಡುಗಿತು. ಎಲ್ಲಕ್ಕೂ ನಡುಗಿದರೆ ಯಾವುದಕ್ಕೆ ನಡುಗಿತು ಎಂದು ಕೈಗೆ ಹೇಗೆ ಗೊತ್ತಾಗಬೇಕು? ಕಂಪನ ಆಫ್ ಮಾಡಿಕೊಂಡರೆ ಅದು ಮತ್ತೆ ಮಾಮೂಲಿ ಮೌಸ್.

ಮೋಟರಿನ ದೋಷವೂ ಸ್ವಲ್ಪ ಇದ್ದಿರಬಹುದು. ಆ ಕಾಲಕ್ಕೆ ಅಗ್ಗದಲ್ಲಿ ಸಿಗುತ್ತಿದ್ದ ಕಂಪನದ ಮೋಟರು ಹೆಚ್ಚಾಗಿ ಒಂದೇ ಬಗೆ. ತಿರುಗುವ ಅಕ್ಷಕ್ಕೆ ಒಂದು ಪಕ್ಕಕ್ಕೆ ಭಾರ ಕಟ್ಟಿದ್ದು. ಹಳೆಯ ಮೊಬೈಲುಗಳಲ್ಲಿದ್ದದ್ದು ಅದೇ. ಅದು ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು, ನಿಲ್ಲಲು ಇನ್ನಷ್ಟು ಬೇಕು. ಅದರಿಂದ ಗುರ್ ಬರುತ್ತದೆ, ಟಕ್ ಬರುವುದಿಲ್ಲ. ಈಗ ಫೋನುಗಳಲ್ಲಿರುವುದು ಬೇರೆ. ಸ್ಪ್ರಿಂಗಿಗೆ ಕಟ್ಟಿದ ಅಯಸ್ಕಾಂತದ ತುಂಡನ್ನು ಕಾಯಿಲ್, ಅಂದರೆ ತಂತಿಯ ಸುರುಳಿ, ಹಿಂದಕ್ಕೂ ಮುಂದಕ್ಕೂ ನೂಕುತ್ತದೆ. ಅದು ಬೇಗ ಶುರುವಾಗಿ, ಎದುರು ದಿಕ್ಕಿಗೆ ಒಂದು ತಳ್ಳು ಕೊಟ್ಟರೆ ಬೇಗ ನಿಲ್ಲುತ್ತದೆ. ಒಂದೇ ಒಂದು ಟಕ್ ಕೊಡುವುದು ಸಾಧ್ಯವಾದದ್ದು ಅದರಿಂದ. ಆದರೆ ಐಫೀಲಿಗೆ ಈ ಹೊಸ ಮೋಟರ್ ಸಿಕ್ಕಿದ್ದರೂ ಅದು ಉಳಿಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಗುರ್ ಬದಲು ಟಕ್ ಟಕ್ ಅನ್ನುತ್ತಿತ್ತು, ಅಷ್ಟೇ ವ್ಯತ್ಯಾಸ.

ಇಮ್ಮರ್ಶನ್ ಮುಂದೆ ಕೋರ್ಟಿನಲ್ಲಿ ಹೆಸರು ಮಾಡಿತು. 2002ರಲ್ಲಿ ಸೋನಿ ಮತ್ತು ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತು, ಆಟದ ಕಂಟ್ರೋಲರ್ ನಡುಗುವ ವಿಷಯಕ್ಕೆ. ಮೈಕ್ರೋಸಾಫ್ಟ್ ಮರುವರ್ಷವೇ ರಾಜಿ ಮಾಡಿಕೊಂಡಿತು. ಸೋನಿ ಹಟ ಹಿಡಿದು 2004ರಲ್ಲಿ ಸೋತಿತು. 2006ರಲ್ಲಿ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 3 ಬಂದಾಗ ಅದರ ಕಂಟ್ರೋಲರ್ ನಡುಗುತ್ತಲೇ ಇರಲಿಲ್ಲ. 2007ರಲ್ಲಿ ರಾಜಿಯಾಯಿತು, ಆ ವರ್ಷದ ಕೊನೆಗೆ ನಡುಕ ವಾಪಸ್ ಬಂತು. ಇಷ್ಟು ಸಾಕು.

ಮೌಸಿನಲ್ಲಿ ಮಾತ್ರ ಹೆಚ್ಚು ಕಡಿಮೆ ಹದಿನೈದು ವರ್ಷ ಸದ್ದಿಲ್ಲ. 2016ರಲ್ಲಿ ಸ್ಟೀಲ್‌ಸೀರೀಸ್ ಕಂಪನಿಯ ರೈವಲ್ 700 ಬಂತು. ಆಟದಲ್ಲಿ ನಿಮ್ಮ ಪಾತ್ರದ ಜೀವ ಕಡಿಮೆಯಾದರೆ ಅಂಗೈ ಕೆಳಗೆ ನಡುಗಿ ಎಚ್ಚರಿಸುತ್ತದೆ. ಇದು ಸ್ವಲ್ಪ ಜಾಣತನ. ಅದು ಪರದೆಯನ್ನೆಲ್ಲ ತಡವಲು ಹೋಗಲಿಲ್ಲ, ಕಣ್ಣು ಬೇರೆ ಕಡೆ ಇರುವಾಗ ಬೇಕಾದ ಒಂದೋ ಎರಡೋ ಸುದ್ದಿ ಮಾತ್ರ ಆರಿಸಿಕೊಂಡಿತು.

ಲಾಜಿಟೆಕ್ ಮತ್ತೆ ಇದಕ್ಕೆ ಕೈ ಹಾಕಿದ್ದು 2025ರಲ್ಲಿ. ಎರಡು ಮೌಸ್, ಎರಡು ದಾರಿ. ಎಂಎಕ್ಸ್ ಮಾಸ್ಟರ್ 4 ಕಚೇರಿ ಕೆಲಸದವರಿಗೆ. ಹೆಬ್ಬೆರಳು ಕೂರುವ ಜಾಗದಲ್ಲಿ ಒಂದು ಫಲಕ ಇದೆ, ಅದನ್ನು ಒತ್ತಿದರೆ ಕರ್ಸರಿನ ಸುತ್ತ ಆಯ್ಕೆಗಳ ಉಂಗುರ ತೆರೆಯುತ್ತದೆ, ಒಂದೊಂದು ಆಯ್ಕೆಗೂ ಹೆಬ್ಬೆರಳಿಗೆ ಸಣ್ಣ ತಟ್ಟು. ಚಿತ್ರ ಜೋಡಿಸುವಾಗ ಒಂದು ಗೆರೆಗೆ ಇನ್ನೊಂದು ಸರಿಯಾಗಿ ಕೂತರೂ ತಟ್ಟು. ನನಗೆ ಉಂಗುರಕ್ಕಿಂತ ಈ ಎರಡನೆಯದು ಹಿಡಿಸಿತು. ಅಲ್ಲಿ ಕೈ ನಿಜಕ್ಕೂ 'ಕೂತಿತಾ?' ಎಂದು ಕೇಳುತ್ತಿರುತ್ತದೆ. ಉಂಗುರ ಇನ್ನೂ ಐಫೀಲಿನ ಮೊಮ್ಮಗು.

ಇನ್ನೊಂದು ಸೂಪರ್‌ಸ್ಟ್ರೈಕ್ ಎಂಬ ಆಟದ ಮೌಸ್. ಇದರಲ್ಲಿ ಸ್ವಿಚ್ಚನ್ನೇ ಕಿತ್ತು ಹಾಕಿದ್ದಾರೆ. ಬಟನ್ ಎಷ್ಟು ಕೆಳಗೆ ಹೋಯಿತು ಎಂದು ಕಾಯಿಲ್ ಅಳೆಯುತ್ತದೆ, ಎಲ್ಲಿಗೆ ಬಂದಾಗ ಕ್ಲಿಕ್ ಎಂದು ಎಣಿಸಬೇಕು ಅನ್ನುವುದನ್ನು ನೀವೇ ಗೊತ್ತು ಮಾಡಬಹುದು, ಅಲ್ಲಿಗೆ ಬಂದಾಗ ಒಳಗಿನ ಕಂಪನದ ಯಂತ್ರ ಟಕ್ ಅನ್ನುತ್ತದೆ. ಆ ಟಕ್ ಎಷ್ಟು ಜೋರು ಅನ್ನುವುದೂ ನಿಮ್ಮಿಷ್ಟ. ಇಲ್ಲಿ ಸುಮ್ನೆ ಚಮತ್ಕಾರಕ್ಕೆ ಮೀರಿದ ಲಾಭ ಇದೆ. ಮೌಸ್ ಹಳೆಯದಾದರೆ ಒಮ್ಮೆ ಒತ್ತಿದ್ದು ಎರಡು ಸಲ ಒತ್ತಿದಂತಾಗುವ ಕಾಟ ನಿಮಗೆಲ್ಲ ಗೊತ್ತು. ಸ್ವಿಚ್ಚಿನೊಳಗೆ ಲೋಹಕ್ಕೆ ಲೋಹ ತಾಕಿದಾಗ ಅದು ಕುಪ್ಪಳಿಸುತ್ತದೆ. ಸವೆದಂತೆ ಕುಪ್ಪಳಿಸುವುದು ಜಾಸ್ತಿ. ಅದನ್ನು ಮುಚ್ಚಲು ಮೌಸಿನೊಳಗಿನ ಪ್ರೋಗ್ರಾಂ ಕೆಲವು ಮಿಲಿಸೆಕೆಂಡ್ ಕಾಯುವುದುಂಟು. ಲೋಹವೇ ತಾಕದಿದ್ದರೆ ಕುಪ್ಪಳಿಸುವುದೂ ಇಲ್ಲ, ಕಾಯುವುದೂ ಇಲ್ಲ.

ಇಲ್ಲಿ ಟ್ರ್ಯಾಕ್‌ಪ್ಯಾಡಿನ ಗಾಜು ನೆನಪಿಗೆ ಬಂದಿರಬೇಕು. ಎರಡೂ ಕಡೆ ನಡೆದದ್ದು ಒಂದೇ. ಹೊಸದೊಂದು ಸ್ಪರ್ಶವನ್ನು ಸೇರಿಸಲಿಲ್ಲ. ಕೈಗೆ ಮೊದಲೇ ಅಭ್ಯಾಸವಿದ್ದ, ಅದು ಪ್ರತಿ ಸಲ ನಿರೀಕ್ಷಿಸುವ ಕ್ಲಿಕ್ಕನ್ನೇ ಒಳಗಿನ ಪ್ರೋಗ್ರಾಂ ಕೊಡುವ ಹಾಗೆ ಮಾಡಿದರು. ತಗಡಿನ ಸ್ಪ್ರಿಂಗ್ ಹ್ಯಾಂಗ್ ಆದಾಗಲೂ ಕ್ಲಿಕ್ ಅನ್ನುತ್ತಿತ್ತು ಎಂದೆನಲ್ಲ? ಈಗ ಕ್ಲಿಕ್ ಬಂತು ಅಂದರೆ ಒತ್ತಿದ್ದು ಮೌಸಿನ ಲೆಕ್ಕಕ್ಕೆ ಸಿಕ್ಕಿದೆ ಎಂದರ್ಥ.

ಇನ್ನು ಪ್ರಶ್ನೆಗಳು.

ಒಬ್ಬರು ಹುಡುಗಿ ಕೇಳಿದರು: 'ಸಾರ್, ಮೌಸಿನಲ್ಲಿ ಉಬ್ಬು ತಗ್ಗು ತಿಳಿಯುವ ಹಾಗೆ ಮಾಡಬಹುದಾ? ಬರೀ ಕಂಪನ ಅಲ್ಲ, ಮೇಲ್ಮೈಯೇ ತಿಳಿಯಬೇಕು.'

ಮಾಡಬಹುದಮ್ಮ, ಮೋಸದಿಂದ. 1990ರಲ್ಲಿ ಮಾರ್ಗರೆಟ್ ಮಿನ್‌ಸ್ಕಿ ಮತ್ತು ಗೆಳೆಯರು ಮೋಟರು ಜೋಡಿಸಿದ ಒಂದು ಜಾಯ್‌ಸ್ಟಿಕ್ಕಿನಲ್ಲಿ ಇದನ್ನು ತೋರಿಸಿದರು. ಅದು ಮೇಲೆ ಕೆಳಗೆ ಏಳುವುದೇ ಇಲ್ಲ, ಅಕ್ಕಪಕ್ಕಕ್ಕೆ ಮಾತ್ರ ತಳ್ಳುತ್ತದೆ. ಏರು ಬಂದಲ್ಲಿ ಹಿಂದಕ್ಕೆ ತಳ್ಳು, ಇಳಿಜಾರು ಬಂದಲ್ಲಿ ಮುಂದಕ್ಕೆ ಎಳೆ. ಕೈಗೆ ಉಬ್ಬು ಹತ್ತಿ ಇಳಿದ ಹಾಗೇ ಆಗುತ್ತದೆ. 2001ರಲ್ಲಿ ರೋಬ್ಲೆಸ್-ಡೆ-ಲಾ-ಟೊರ್ರೆ ಮತ್ತು ಹೇವರ್ಡ್ ಇನ್ನೂ ಒಂದು ಹೆಜ್ಜೆ ಹೋದರು. ಬೆರಳು ನಿಜವಾಗಿ ಇಳಿಯುತ್ತಿದ್ದರೂ ಪಕ್ಕದ ಬಲವನ್ನು ಉಬ್ಬಿನ ಹಾಗೆ ಕೊಟ್ಟರೆ ಜನರಿಗೆ ಉಬ್ಬೇ ತಿಳಿಯುತ್ತದೆ ಎಂದು ತೋರಿಸಿದರು. ಮೌಸಿಗೆ ತೊಡಕು ಅದೇ ಹಳೆಯದು. ಬಲ ಕೊಡಬೇಕಾದರೆ ಪೀಠ ಬೇಕು, ಇಲ್ಲವೇ ಅಕಮತ್ಸು ಅವರ ಕಬ್ಬಿಣದ ಪ್ಯಾಡ್ ಬೇಕು.

ಇನ್ನೊಬ್ಬರು ಶಾಲಾ ಮೇಷ್ಟ್ರು. 'ಕಣ್ಣು ಕಾಣದ ಮಕ್ಕಳಿಗೆ ಇದರಿಂದ ಉಪಯೋಗ ಆಗಬೇಕಲ್ಲ?' ಎಂದರು.

ಆಗಬೇಕು ಎಂದು ಎಲ್ಲರಿಗೂ ಮೊದಲು ಅನ್ನಿಸುತ್ತದೆ ಮೇಷ್ಟ್ರೇ. ಇಸ್ರೇಲಿನ ವರ್‌ಟಚ್ ಕಂಪನಿ ವಿಟಿಪ್ಲೇಯರ್ ಎಂಬ ಮೌಸ್ ಮಾಡಿತ್ತು. ಮೇಲೆ ಎರಡು ಚೌಕ, ಒಂದೊಂದರಲ್ಲೂ ನಾಲ್ಕು ನಾಲ್ಕರಂತೆ 16 ಮೊಳೆ. ಕರ್ಸರ್ ಕೆಳಗಿನ ಚಿತ್ರಕ್ಕೆ ತಕ್ಕಂತೆ ಮೊಳೆಗಳು ಏಳುತ್ತವೆ, ಇಳಿಯುತ್ತವೆ. ತೊಂದರೆ ಮೊಳೆಯಲ್ಲಿಲ್ಲ, ಮೌಸ್ ಅನ್ನುವುದರಲ್ಲೇ ಇದೆ. ಮೌಸನ್ನು ಎತ್ತಿ ಇನ್ನೊಂದು ಕಡೆ ಇಟ್ಟರೂ ಕರ್ಸರ್ ಇದ್ದಲ್ಲೇ ಇರುತ್ತದೆ. ಮೌಸನ್ನು ಸ್ವಲ್ಪ ಓರೆ ಹಿಡಿದರೆ ನೇರ ಎಳೆದದ್ದು ಓರೆ ಹೋಗುತ್ತದೆ. ಬೇಗ ಎಳೆದರೆ ದೂರ, ನಿಧಾನ ಎಳೆದರೆ ಹತ್ತಿರ. ಕಣ್ಣು ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ, ಪರದೆ ನೋಡಿ ಸರಿ ಮಾಡಿಕೊಳ್ಳುತ್ತೇವೆ. ಕಣ್ಣು ಕಾಣದವರಿಗೆ ಬೆರಳ ಕೆಳಗೆ ಏನಿದೆ ಎಂದು ಮೊಳೆ ಹೇಳುತ್ತದೆ, ಆದರೆ ಅದು ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ.

ಇದಕ್ಕಿಂತ ಹಳೆಯ, ಆಪ್ಟಕಾನ್ ಎಂಬ ಓದುವ ಯಂತ್ರ ಈ ವಿಷಯದಲ್ಲಿ ಮೇಲು. ಸ್ಟ್ಯಾನ್‌ಫರ್ಡಿನ ಜಾನ್ ಲಿನ್‌ವಿಲ್ ತಮ್ಮ ಕುರುಡಿ ಮಗಳು ಕ್ಯಾಂಡಿಗಾಗಿ ಯೋಚಿಸಿದ್ದು. 1970ರ ದಶಕದ ಶುರುವಿನಲ್ಲಿ ಮಾರಾಟಕ್ಕೆ ಬಂತು. ಒಂದು ಕೈಯಲ್ಲಿ ಪುಟ್ಟ ಕ್ಯಾಮೆರಾ ಹಿಡಿದು ಅಚ್ಚಾದ ಸಾಲಿನ ಮೇಲೆ ಸರಿಸುವುದು. ಇನ್ನೊಂದು ಕೈಯ ತೋರುಬೆರಳಿನ ಕೆಳಗೆ 144 ಸಣ್ಣ ಕಡ್ಡಿಗಳು ನಡುಗಿ ಅಕ್ಷರದ ಆಕಾರ ಮೂಡಿಸುತ್ತವೆ. ಬ್ರೈಲ್ ಅಲ್ಲ, ಅಕ್ಷರವೇ. ಅಂದರೆ ಕನ್ನಡದ ಪುಸ್ತಕ ಇಟ್ಟರೂ ಕನ್ನಡದ ಅಕ್ಷರದ ಆಕಾರವೇ ಮೂಡಬೇಕು, ಒತ್ತಕ್ಷರ ಓದಲು ಎಷ್ಟು ಕಷ್ಟವೋ ಬೇರೆ ಮಾತು. ಅಲ್ಲಿ ಕೈ ಕಾಗದದ ಮೇಲೇ ಇರುತ್ತದೆ. ಎಡ ಅಂಚು ಎಲ್ಲಿ, ಸಾಲು ಎಲ್ಲಿ ಮುಗಿಯಿತು, ಎಲ್ಲ ತೋಳಿಗೆ ಗೊತ್ತು.

ಹಾಗಾಗಿ ನಿಮ್ಮ ಮಕ್ಕಳಿಗೆ ಮೌಸ್ ಬೇಡ. ಪರದೆ ಓದುವ ತಂತ್ರಾಂಶ ಮತ್ತು ಕೀಬೋರ್ಡ್ ಸಾಕು. ಎನ್‌ವಿಡಿಎ ಎಂಬ ಅಂಥ ತಂತ್ರಾಂಶ ಉಚಿತ, ಅದರ ಜತೆಗೆ ಬರುವ ಇಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದ್ದು, ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ನಕ್ಷೆ, ರೇಖಾಗಣಿತ ಕಲಿಸಬೇಕಾದರೆ ಉಬ್ಬು ಚಿತ್ರದ ಹಾಳೆ ಕೊಡಿ. ಹತ್ತು ಬೆರಳೂ ಒಟ್ಟಿಗೆ ಓಡಾಡಬಹುದು. ಮೌಸಿನಲ್ಲಿ ಒಂದು ಚುಕ್ಕೆಯಷ್ಟೇ.

ಕೊನೆಗೆ ಒಬ್ಬರು ಹಿರಿಯರು, 'ಅದೆಲ್ಲ ಇರಲಿ, ನಾನು ಒಂದು ಕೊಳ್ಳಲಾ ಬೇಡವಾ?' ಎಂದರು.

ಬರೆಯುವುದು, ಮೇಲ್ ನೋಡುವುದು, ಬ್ಯಾಂಕ್ ಕೆಲಸ ಇಷ್ಟೇ ಆದರೆ ಬೇಡ ಯಜಮಾನರೇ, ಮಾಮೂಲಿ ಮೌಸಿನ ಹತ್ತು ಪಟ್ಟು ದುಡ್ಡು ದಂಡ. ಫೋಟೋ, ವಿಡಿಯೋ, ವಿನ್ಯಾಸದ ಕೆಲಸ ದಿನವಿಡೀ ಮಾಡುವವರಾದರೆ ಅಂಗಡಿಗೆ ಹೋಗಿ ಆ ಎಂಎಕ್ಸ್ ಮಾಸ್ಟರ್ 4 ಕೈಗೆ ತೆಗೆದುಕೊಂಡು ನೋಡಿ. ನೀವು ಬಳಸುವ ಪ್ರೋಗ್ರಾಂ ಅದಕ್ಕೆ ಸುದ್ದಿ ಕಳಿಸುತ್ತದೆಯೇ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಆ ಫಲಕ ಸುಮ್ನೆ ಕೂತಿರುತ್ತದೆ. ಕೊಂಡ ಮೇಲೆ ಸೆಟ್ಟಿಂಗ್ಸಿಗೆ ಹೋಗಿ ಎಲ್ಲ ಕಂಪನವನ್ನೂ ಆಫ್ ಮಾಡಿ, ಬೇಕೆನಿಸಿದ್ದನ್ನು ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ಎರಡೋ ಮೂರೋ ಉಳಿದರೆ ಹೆಚ್ಚು.